ಹಳೆಯ ಜೆಟಿ-30 ಹಾರ್ಮೋನಿಕಾ ಮೈಕ್: ರಿಪೇರಿ ಮಾಡಿ ಮಾರೋದೋ, ಇದ್ದ ಹಾಗೇ ಮಾರೋದೋ?

ಸಿ_ಸ್ಕೇಲ್_ಮೈಸೂರು

ಅಸ್ಟಾಟಿಕ್ ಕಂಪನಿಯ ಜೆಟಿ-30 ಬುಲೆಟ್ ಮೈಕ್ (ಹಾರ್ಮೋನಿಕಾ ಜೊತೆ ಅಂಗೈಯಲ್ಲಿ ಹಿಡಿಯುವ ಗುಂಡು ಮೈಕ್) ಒಂದನ್ನು ಮಾರಬೇಕಿದೆ. ನಾನು ನುಡಿಸುವುದು ಕ್ರೊಮ್ಯಾಟಿಕ್ ಹಾರ್ಮೋನಿಕಾ, ಅದಕ್ಕೆ ಮಾಮೂಲಿ ವೋಕಲ್ ಮೈಕೇ ಸಾಕು. ಮೈಕಿನ ಸ್ಥಿತಿ ಹೀಗಿದೆ:

ಕೇಬಲ್ ಅಲುಗಿದರೆ ಕರಕರ, ಕೆಲವೊಮ್ಮೆ ಸದ್ದೇ ಇಲ್ಲ. ಗುಂಯ್ ಎನ್ನುವ ಹಮ್ ಯಾವಾಗಲೂ ಇದೆ, ಮೈಕನ್ನು ಕೈಯಲ್ಲಿ ಹಿಡಿದರೆ ಇನ್ನೂ ಹೆಚ್ಚು. ದನಿ ತೆಳು, ಒಂದನೇ ಎರಡನೇ ರಂಧ್ರದ ಸ್ವರಗಳು ಕೇಳಿಸುವುದೇ ಇಲ್ಲ ಅನ್ನಬಹುದು. ವಾಲ್ಯೂಮ್ ಗುಬ್ಬಿ ತಿರುಗಿಸಿದರೆ ಚರಚರ. ಗುಬ್ಬಿ ಮೊದಲಿನಿಂದ ಇದ್ದದ್ದಲ್ಲ, ಹಿಂದಿನವರು ಯಾರೋ ಹಿಂಭಾಗದಲ್ಲಿ ತೂತು ಕೊರೆದು ಸೇರಿಸಿದ್ದಾರೆ.

ಒಳಗಿನ ಕ್ರಿಸ್ಟಲ್ (ಸದ್ದನ್ನು ವಿದ್ಯುತ್ ಆಗಿಸುವ ಹರಳು) ಸತ್ತಿದೆ ಅಂತ ಬರೆದು ಬರೀ ಮೈಯ ಬೆಲೆಗೆ ಕೊಟ್ಟುಬಿಡಲೇ? ಅಥವಾ ಬೇರೆ ಎಲಿಮೆಂಟ್ (ಸದ್ದು ಹಿಡಿಯುವ ಒಳಭಾಗ) ಹಾಕಿಸಿ ಮಾರಲೇ? ಮಲ್ಟಿಮೀಟರ್ ಇದೆ, ಬೆಸುಗೆ ಹಾಕಲು ಬರುತ್ತದೆ.

ಬೆಸುಗೆಗಾರ

ಎರಡೂ ಬೇಡ ಮೇಡಂ. ನೀವು ಬರೆದ ನಾಲ್ಕು ಲಕ್ಷಣಗಳಲ್ಲಿ ಒಂದೂ ಕ್ರಿಸ್ಟಲ್ ಸತ್ತಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ಕರಕರ ಅಂದರೆ ಕೇಬಲ್ ಅಥವಾ ಕನೆಕ್ಟರ್. ಕೈ ಇಟ್ಟರೆ ಹಮ್ ಏರುತ್ತದೆ ಅಂದರೆ ಲೋಹದ ಮೈಗೂ ಶೀಲ್ಡಿಗೂ (ಕೇಬಲ್ಲಿನೊಳಗೆ ಸಿಗ್ನಲ್ ತಂತಿಯನ್ನು ಸುತ್ತಿರುವ ಲೋಹದ ಪದರ) ಸಂಪರ್ಕ ತಪ್ಪಿದೆ. ಚರಚರ ಪಾಟ್‌ನದು, ಅಂದರೆ ಗುಬ್ಬಿಯ ಹಿಂದಿರುವ, ತಿರುಗಿಸಿ ಬದಲಿಸುವ ರೆಸಿಸ್ಟರಿನದು. ತೆಳು ದನಿಯೊಂದೇ ಎಲಿಮೆಂಟಿನ ಕಡೆ ಬೊಟ್ಟು ಮಾಡುತ್ತದೆ, ಅದಕ್ಕೂ ಬೇರೆ ಕಾರಣ ಇರಬಹುದು, ಕೆಳಗೆ ಹೇಳುತ್ತೇನೆ. ಈ ಮೈಕಿನ ಬೆಲೆಯ ದೊಡ್ಡ ಪಾಲು ಇರುವುದೇ ಆ ಕ್ರಿಸ್ಟಲ್‌ನಲ್ಲಿ. ಪರೀಕ್ಷೆ ಮಾಡದೆ ಸತ್ತಿದೆ ಅಂತ ಬರೆದರೆ ನಿಮಗೆ ನಷ್ಟ. ಚೆನ್ನಾಗಿದೆ ಅಂತ ಬರೆದು ಅದು ಸತ್ತಿದ್ದರೆ ಕೊಂಡವರಿಗೆ ಮೋಸ.

ಎಲ್ಲಕ್ಕೂ ಮೊದಲು ಸುರಕ್ಷತೆ. ಈ ಮೈಕಿನ ಮೈ ಬರೀ ಲೋಹ, ತುಟಿ ತಾಗುತ್ತದೆ, ಎರಡೂ ಕೈ ಸುತ್ತಿಕೊಂಡಿರುತ್ತವೆ. ಸರಿಯಾಗಿರುವ ಮೈಕಿನಲ್ಲಿ ಆ ಲೋಹ ಕೇಬಲ್ಲಿನ ಶೀಲ್ಡ್ ಮೂಲಕ ಆಂಪ್‌ನ ಚಾಸಿಗೆ (ಲೋಹದ ಚೌಕಟ್ಟಿಗೆ) ಸೇರಿರುತ್ತದೆ. ಮನೆಯ ಸಾಕೆಟ್ಟಿನಲ್ಲಿ ಅರ್ಥ್ ಇಲ್ಲದಿದ್ದರೆ, ಅಥವಾ ಆಂಪ್ ಎರಡು ಪಿನ್ನಿನ ಹಳೆಯದಾದರೆ, ಸೋರುವ ವಿದ್ಯುತ್ ನೇರ ತುಟಿಗೆ. ಮೀಟರನ್ನು ಎಸಿ ವೋಲ್ಟೇಜಿಗೆ ಇಟ್ಟು ಜ್ಯಾಕ್ ಪಿನ್ನಿನ ಲೋಹದ ಕವಚಕ್ಕೂ ನಂಬಬಹುದಾದ ಅರ್ಥ್‌ಗೂ ನಡುವೆ ಅಳೆಯಿರಿ. ಹತ್ತಾರು ವೋಲ್ಟ್ ಬಂದರೆ ಮೈಕ್ ಕೆಳಗಿಡಿ, ಮೊದಲು ವೈರಿಂಗ್ ಸರಿಯಾಗಲಿ.

ಅದು ಸರಿ ಇದ್ದರೆ, ಆಂಪ್ ಆರಿಸಿ, ಕೇಬಲ್ ಕಳಚಿ, ಓಮ್ ರೇಂಜಿನಲ್ಲಿ:

1. ಬರೀ ಕೇಬಲ್: ನಡುವಿನ ಸಿಗ್ನಲ್ ತಂತಿ ತುದಿಯಿಂದ ತುದಿಗೆ 1 ಓಮ್‌ಗಿಂತ ಕಡಿಮೆ, ಶೀಲ್ಡಿನಿಂದ ಶೀಲ್ಡಿಗೂ ಅಷ್ಟೇ. ಸಿಗ್ನಲ್ ತಂತಿಗೂ ಶೀಲ್ಡಿಗೂ ನಡುವೆ ಏನೂ ತೋರಿಸಬಾರದು. ಅಳೆಯುವಾಗ ಎರಡೂ ತುದಿಗಳ ಹತ್ತಿರ ಕೇಬಲನ್ನು ಬಗ್ಗಿಸುತ್ತಿರಿ. ತುಂಡಾಗುವುದು ಹೆಚ್ಚಾಗಿ ಪಿನ್ನಿನಿಂದ ನಾಲ್ಕೈದು ಸೆಂಟಿಮೀಟರ್ ಒಳಗೆ, ಬಗ್ಗುವ ಜಾಗದಲ್ಲಿ.

2. ಕೇಬಲನ್ನು ಮೈಕಿಗೆ ಹಾಕಿ, ಜ್ಯಾಕ್ ಪಿನ್ನಿನ ಕವಚದಿಂದ ಮೈಕಿನ ಮೈಗೆ: 1 ಓಮ್ ಒಳಗೆ. ಬಣ್ಣದ ಮೇಲೆ ಪ್ರೋಬ್ ಇಡಬೇಡಿ, ಸ್ಕ್ರೂ ತಲೆ ಅಥವಾ ಜಾಲರಿಯ ಬಣ್ಣವಿಲ್ಲದ ಜಾಗ ನೋಡಿ.

3. ಪಾಟ್‌ನ ಎರಡು ಹೊರ ಕಾಲುಗಳ ನಡುವಿನ ಮೌಲ್ಯ. ಒಂದು ಕಾಲಿನ ವೈರ್ ಬಿಡಿಸಿ ಅಳೆದರೆ ಖಚಿತ.

4. ಎಲಿಮೆಂಟಿನ ಎರಡು ವೈರ್, ಪಾಟ್‌ನಿಂದ ಬಿಡಿಸಿದ ಮೇಲೆ. ಕ್ರಿಸ್ಟಲ್ ಅಥವಾ ಸೆರಾಮಿಕ್ ಆದರೆ ಮೀಟರ್ ಏನೂ ತೋರಿಸಬಾರದು, ಅದು ಕೆಪಾಸಿಟರ್ ಇದ್ದಂತೆ. ನೂರಾರು ಓಮ್‌ನಿಂದ ಒಂದೆರಡು ಕಿಲೋ ಓಮ್ ಬಂದರೆ ಒಳಗಿರುವುದು ಕಾಯಿಲ್ ಇರುವ ಎಲಿಮೆಂಟ್, ಹಿಂದಿನವರು ಬದಲಿಸಿದ್ದಾರೆ ಅಂತ ಅರ್ಥ. ಮೀಟರಿನಲ್ಲಿ ಕೆಪಾಸಿಟಿ ರೇಂಜ್ ಇದ್ದರೆ ಅದನ್ನೂ ನೋಡಿ.

ಅಳತೆ ಇಲ್ಲಿ ಹಾಕಿ. ಅಲ್ಲಿಯವರೆಗೆ ಎಲಿಮೆಂಟಿಗೆ ಕಾದ ಕಡ್ಡಿ ತಾಗಿಸಬೇಡಿ, ಒಳಗೆ ಏನನ್ನೂ ಸ್ಪ್ರೇ ಮಾಡಬೇಡಿ.

ಧಾರವಾಡದ_ರೀಡು

ಬಿಚ್ಚೂಮುಂದ ಒಂದು ಮಾತು ನೆನಪಿಡ್ರಿ. ಈ ಮೈಕಿನ ಸ್ಕ್ರೂ ಎಲ್ಲಾ ಇಂಚಿನ ಲೆಕ್ಕದ್ದು. ಒಂದು ಕಳದ್ರ ನಮ್ಮ ಪ್ಯಾಟ್ಯಾಗ ಸಿಗೂ ಎಂ3 (3 ಮಿಲಿಮೀಟರ್) ಸ್ಕ್ರೂ ತಂದು ಒತ್ತಿ ತಿರುವಬ್ಯಾಡ್ರಿ, ಒಂದೂವರಿ ಸುತ್ತು ಹೋಗತೈತಿ, ಆಮ್ಯಾಲೆ ಒಳಗಿನ ಥ್ರೆಡ್ ಕಿತ್ತು ಬರತೈತಿ. ಮೈ ಎರಕದ್ದು, ಮೆತ್ತಗಿರತೈತಿ. ಬಿಚ್ಚಿದ್ದೆಲ್ಲಾ ಒಂದು ಡಬ್ಬ್ಯಾಗ ಹಾಕ್ರಿ, ಯಾವ ಸ್ಕ್ರೂ ಯಾವ ತೂತಿಂದು ಅನ್ನೂದು ಫೋಟೊ ಹಿಡೀರಿ.

ಕೆಳಗಿನ ಕನೆಕ್ಟರ್ ತಿರುವಿ ಹಾಕೂ ನಮೂನಿದು, 5/8 ಇಂಚು, ಇಂಚಿಗೆ 27 ಥ್ರೆಡ್ಡು. ನಡುವ ಒಂದು ಬೆಸುಗಿ ಹನಿ, ಅದೇ ಸಿಗ್ನಲ್ಲಿನ ಸಂಪರ್ಕ. ವರ್ಷಾನುಗಟ್ಲೆ ಒತ್ತಿ ಒತ್ತಿ ಆ ಹನಿ ಚಪ್ಪಟಿ ಆಗತೈತಿ, ಎದುರಿನ ಹನಿಗೆ ತಾಗೂದು ಬಿಡತೈತಿ. ಭಾಳ ಸಲ ಕೇಬಲ್ ಕೆಟ್ಟೈತಿ ಅನ್ನೂದು ಇದಕ್ಕ. ಕೇಬಲ್ ಕಡೆ ಹನಿ ಮ್ಯಾಲ ಒಂಚೂರು ಹೊಸಾ ಬೆಸುಗಿ ಏರಿಸಿ ದುಂಡಗ ಮಾಡಿದ್ರ ಮುಗೀತು. ಭಾಳ ಎತ್ತರ ಮಾಡಬ್ಯಾಡ್ರಿ, ಥ್ರೆಡ್ ಪೂರ್ತಿ ಕೂಡೂದಿಲ್ಲ.

ಮೈಕಿನ ಕಡೆ ಹನಿ ಮುಟ್ಟಬ್ಯಾಡ್ರಿ, ಅದರ ಹಿಂದ ನೇರ ಕ್ರಿಸ್ಟಲ್ ವೈರ್ ಇರತೈತಿ.

ಓಕ್‌ಲ್ಯಾಂಡ್_ಕನ್ನಡಿಗ

ನನ್ನ ಅಭಿಪ್ರಾಯ ಬೇರೆ. ಇಲ್ಲಿ ಅಮೆರಿಕದಲ್ಲಿ ಹಳೆಯ ಬುಲೆಟ್ ಮೈಕ್ ಕೊಳ್ಳುವವರಲ್ಲಿ ಎರಡು ಗುಂಪು. ಒಂದು, ವೇದಿಕೆಯಲ್ಲಿ ನುಡಿಸುವವರು. ಇನ್ನೊಂದು, ಸಂಗ್ರಹಕಾರರು ಮತ್ತು ರಿಪೇರಿ ಬಲ್ಲವರು. ಎರಡನೆಯವರಿಗೆ ಯಾರೂ ಕೈಹಾಕದ ಮೈಕೇ ಬೇಕು. ಹೊಸ ಬೆಸುಗೆ, ಹೊಸ ವೈರ್ ಕಂಡರೆ ಇನ್ನೇನು ಬದಲಾಗಿದೆಯೋ ಎಂದು ಅನುಮಾನ ಪಡುತ್ತಾರೆ. ಅದಕ್ಕೆ ಇದ್ದ ಹಾಗೇ, ಸ್ಪಷ್ಟ ಫೋಟೊಗಳೊಂದಿಗೆ ಮಾರುವುದೇ ಸರಿ ಎನ್ನುತ್ತೇನೆ.

ಬೆಸುಗೆಗಾರ

ಕೈಹಾಕದ ಮೈಕ್ ಆಗಿದ್ದರೆ ಒಪ್ಪುತ್ತಿದ್ದೆ. ಇದಕ್ಕೆ ಆಗಲೇ ತೂತು ಕೊರೆದು ಪಾಟ್ ಸೇರಿಸಿದ್ದಾರೆ. ಸಂಗ್ರಹಕಾರರ ಬೆಲೆ ಅಲ್ಲೇ ಹೋಯಿತು. ಇನ್ನು ಉಳಿದಿರುವುದು ನುಡಿಸುವವರ ಬೆಲೆ, ಅವರಿಗೆ ಕೆಲಸ ಮಾಡುವ ಮೈಕ್ ಬೇಕು.

ನನ್ನ ಗೆರೆ ಇಷ್ಟೇ: ಹಿಂದಕ್ಕೆ ತರಬಹುದಾದ ರಿಪೇರಿ ಮಾಡಿ. ಕೇಬಲ್, ಪಾಟ್, ಮೈಯ ಅರ್ಥ್, ಗ್ಯಾಸ್ಕೆಟ್ (ಎಲಿಮೆಂಟಿನ ಸುತ್ತಲಿನ ರಬ್ಬರ್ ಉಂಗುರ). ಹಿಂದಕ್ಕೆ ತರಲಾಗದ್ದು ಮಾಡಬೇಡಿ. ಬಣ್ಣ ಹೊಡೆಯುವುದು, ಪಾಲಿಶ್ ಚಕ್ರಕ್ಕೆ ಕೊಡುವುದು, ಒಳಭಾಗ ಕೊರೆಯುವುದು, ಹಳೆಯ ಎಲಿಮೆಂಟ್ ಎಸೆಯುವುದು.

ಸಿ_ಸ್ಕೇಲ್_ಮೈಸೂರು

ಅಳತೆ ಇಲ್ಲಿದೆ. ಅರ್ಥ್ ಪರೀಕ್ಷೆ ಸರಿ ಇದೆ, 1 ವೋಲ್ಟ್ ಕೂಡ ಇಲ್ಲ.

ಕೇಬಲ್: ತುದಿಯಿಂದ ತುದಿಗೆ 0.4 ಓಮ್, ಆದರೆ ಜ್ಯಾಕ್ ಪಿನ್ ಹತ್ತಿರ ಬಗ್ಗಿಸಿದರೆ ಸಂಪರ್ಕ ಬಿಡುತ್ತದೆ.
ಕವಚದಿಂದ ಮೈಗೆ: ಸಂಪರ್ಕವೇ ಇಲ್ಲ.
ಪಾಟ್: ಹೊರ ಕಾಲುಗಳ ನಡುವೆ 97 ಕಿಲೋ ಓಮ್.
ಎಲಿಮೆಂಟ್: ಓಮ್ ರೇಂಜಿನಲ್ಲಿ ಏನೂ ಇಲ್ಲ. ಕೆಪಾಸಿಟಿ 1.5 ನ್ಯಾನೋಫ್ಯಾರಡ್.

ಎಲಿಮೆಂಟಿನ ಹಿಂದೆ ಎಂಸಿ-151 ಎಂಬ ಮುದ್ರೆ ಇದೆ.

ವಾಲ್ವ್_ಆಂಪ್

97 ಕಿಲೋ ಓಮ್! ತೆಳು ದನಿಯ ಕಾರಣ ಅಲ್ಲೇ ಇದೆ. ಕ್ರಿಸ್ಟಲ್ ಬದುಕಿರುವ ಸಂಭವ ತುಂಬಾ ಹೆಚ್ಚು.

ಲೆಕ್ಕ ತೋರಿಸುತ್ತೇನೆ. ಕ್ರಿಸ್ಟಲ್ ಎಲಿಮೆಂಟ್ ಅಂದರೆ ಒಂದು ಚಿಕ್ಕ ಕೆಪಾಸಿಟರ್ ಜೊತೆ ವೋಲ್ಟೇಜ್ ಹುಟ್ಟಿಸುವ ಮೂಲ. ಅದರ ಮುಂದೆ ಯಾವ ರೆಸಿಸ್ಟರ್ ಕುಳಿತರೂ ಕೆಳಸ್ವರಗಳನ್ನು ಕತ್ತರಿಸುವ ಫಿಲ್ಟರ್ ಆಗುತ್ತದೆ. ಎಲ್ಲಿಂದ ಕತ್ತರಿಸುತ್ತದೆ ಅನ್ನುವುದು 1 ಭಾಗಿಸು 2 ಪೈ ಆರ್ ಸಿ (ಆರ್ ಅಂದರೆ ರೆಸಿಸ್ಟರ್, ಸಿ ಅಂದರೆ ಕೆಪಾಸಿಟಿ). ನಿಮ್ಮ ಮೈಕಿನಲ್ಲಿ ಸಿ 1.5 ನ್ಯಾನೋಫ್ಯಾರಡ್. ವಾಲ್ವ್ ಆಂಪ್‌ನ ಒಳಬಾಗಿಲು (ಇನ್‌ಪುಟ್‌ನ ತಡೆ) ಸಾಮಾನ್ಯವಾಗಿ 1 ಮೆಗಾ ಓಮ್, ಪಾಟ್ ಪೂರ್ತಿ ತೆರೆದಾಗ ಅದಕ್ಕೆ ಸಮಾಂತರ.

100 ಕಿಲೋ ಪಾಟ್: ಒಟ್ಟು 91 ಕಿಲೋ, ಕತ್ತರಿ ಬೀಳುವುದು ಸುಮಾರು 1,170 ಹರ್ಟ್ಸ್ ಕೆಳಗೆ.
1 ಮೆಗಾ ಪಾಟ್: ಒಟ್ಟು 500 ಕಿಲೋ, ಸುಮಾರು 212 ಹರ್ಟ್ಸ್.
5 ಮೆಗಾ ಪಾಟ್: ಒಟ್ಟು 833 ಕಿಲೋ, ಸುಮಾರು 127 ಹರ್ಟ್ಸ್.
ಪಾಟ್ ಇಲ್ಲದೆ ನೇರ: ಸುಮಾರು 106 ಹರ್ಟ್ಸ್.

ಸಿ ಸ್ಕೇಲಿನ ಹತ್ತು ರಂಧ್ರದ ಹಾರ್ಮೋನಿಕಾದಲ್ಲಿ ಒಂದನೇ ರಂಧ್ರ ಊದಿದರೆ ಬರುವ ಸ್ವರ 262 ಹರ್ಟ್ಸ್. ಈಗಿನ ಪಾಟ್‌ನಲ್ಲಿ ಆ ಸ್ವರದ ಮೂಲ ಆವರ್ತನ ಸುಮಾರು 13 ಡೆಸಿಬಲ್ ಕುಗ್ಗಿದೆ. 5 ಮೆಗಾ ಹಾಕಿದರೆ ಕುಗ್ಗುವುದು 1 ಡೆಸಿಬಲ್ ಕೂಡ ಇಲ್ಲ. ಒಂದು ಎರಡನೇ ರಂಧ್ರ ಕೇಳಿಸುತ್ತಿಲ್ಲ ಅಂತ ನೀವು ಬರೆದದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ.

100 ಕಿಲೋ ಅಥವಾ 250 ಕಿಲೋ ಪಾಟ್ ಹಾಕುವುದು ಶೂರ್ ಕಂಪನಿಯ ಗ್ರೀನ್ ಬುಲೆಟ್ ಥರದ, ಕಾಯಿಲ್ ಇರುವ ಎಲಿಮೆಂಟಿಗೆ. ಹಿಂದಿನವರು ಆ ನಕ್ಷೆ ನೋಡಿ ಇದಕ್ಕೂ ಅದನ್ನೇ ಹಾಕಿರಬೇಕು.

ಇದೇ ಕಾರಣಕ್ಕೆ ಕ್ರಿಸ್ಟಲ್ ಮೈಕನ್ನು ಮಿಕ್ಸರಿನ ಲೈನ್ ಬಾಗಿಲಿಗೆ ಹಾಕಿ ಪರೀಕ್ಷಿಸಬೇಡಿ. ಅಲ್ಲಿ 10 ಕಿಲೋ ಇದ್ದರೆ 10,000 ಹರ್ಟ್ಸ್ ಕೆಳಗಿನದೆಲ್ಲ ಹೋಗುತ್ತದೆ, ಒಳ್ಳೆಯ ಕ್ರಿಸ್ಟಲ್ ಕೂಡ ಸತ್ತಂತೆ ಕೇಳಿಸುತ್ತದೆ. ಮಿಕ್ಸರ್ ಬಿಟ್ಟರೆ ಬೇರೆ ಇಲ್ಲ ಅನ್ನುವವರು ಗಿಟಾರಿಗೆ ಅಂತ ಇರುವ, 1 ಮೆಗಾ ಓಮ್ ಅಥವಾ ಹೆಚ್ಚಿನ ಒಳಬಾಗಿಲು ಬಳಸಲಿ.

ಧಾರವಾಡದ_ರೀಡು

ಲೆಕ್ಕ ಛಲೋ ಆತ್ರಿ. ಪಾಟ್ ತರೂಕಿಂತ ಮೊದಲ ಖಾತ್ರಿ ಮಾಡ್ಕೋರಿ. ಎಲಿಮೆಂಟಿನ ಎರಡೂ ವೈರ್ ಪಾಟಿಂದ ಬಿಡಿಸಿ ಹಂಗ ನೇರ ಕನೆಕ್ಟರಿಗೆ ಮೊಸಳಿ ಕ್ಲಿಪ್ ಹಾಕಿ ಕೇಳ್ರಿ. ಎರಡನೇ ರಂಧ್ರ ಎಳದು ನುಡಿಸಿ ನೋಡ್ರಿ, ದನಿ ತುಂಬಿ ಬಂದ್ರ ಕ್ರಿಸ್ಟಲ್ ಗಟ್ಟಿ ಐತಿ. ಹಮ್ ಇರತೈತಿ, ಅದರ ಕಡೆ ಲಕ್ಷ್ಯ ಕೊಡಬ್ಯಾಡ್ರಿ.

ಕರಾವಳಿ_ಕೇಳುಗ

ನಡುವೆ ಒಂದು ಪ್ರಶ್ನೆ. ಕ್ರಿಸ್ಟಲ್ ನಿಜವಾಗಿ ಸತ್ತಿದ್ದರೆ ಹೇಗೆ ಗೊತ್ತಾಗುತ್ತದೆ? ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಇಂಥ ಮೈಕ್ ಇಟ್ಟುಕೊಳ್ಳುವುದೇ ಕಷ್ಟ ಅನ್ನುತ್ತಾರೆ, ಹೌದಾ? ಸತ್ತದ್ದನ್ನು ಒಣಗಿಸಿ ಬದುಕಿಸಬಹುದಾ?

ಬೆಸುಗೆಗಾರ

ಹೌದು, ಕಷ್ಟವೇ. ಒಳಗಿರುವುದು ರೋಷೆಲ್ ಲವಣ, ಅಂದರೆ ಸೋಡಿಯಂ ಪೊಟ್ಯಾಸಿಯಂ ಟಾರ್ಟ್ರೇಟ್. ಒತ್ತಿದರೆ ವಿದ್ಯುತ್ ಹುಟ್ಟುವ ಗುಣವನ್ನು ಕ್ಯೂರಿ ಸೋದರರು 1880ರಲ್ಲಿ ತೋರಿಸಿದ ಹರಳುಗಳಲ್ಲಿ ಇದೂ ಒಂದು. ಸದ್ದಿಗೆ ಸೊಗಸಾಗಿ ಸ್ಪಂದಿಸುತ್ತದೆ, ಆದರೆ ನೀರಿನಲ್ಲಿ ಕರಗುವ ವಸ್ತು. ಹರಳಿನೊಳಗೇ ನೀರಿನ ಅಣುಗಳಿವೆ. ಹವೆಯ ತೇವ ಸುಮಾರು 85 ಶೇಕಡಾ ದಾಟಿ ನಿಂತರೆ ಹರಳು ನೀರೆಳೆದು ಕರಗತೊಡಗುತ್ತದೆ. ಸುಮಾರು 30 ಶೇಕಡಾಕ್ಕಿಂತ ಇಳಿದರೆ ತನ್ನೊಳಗಿನ ನೀರನ್ನೇ ಕಳೆದುಕೊಂಡು ಪುಡಿಯಾಗುತ್ತದೆ. 55 ಡಿಗ್ರಿ ಸೆಲ್ಸಿಯಸ್ ಹತ್ತಿರ ಹರಳಿನ ರಚನೆಯೇ ಒಡೆಯುತ್ತದೆ. ತಯಾರಕರು ಹರಳಿಗೆ ತೇವ ತಡೆಯುವ ಲೇಪ ಕೊಡುತ್ತಿದ್ದರು, ಅಷ್ಟು ವರ್ಷ ಬದುಕಿರುವುದು ಅದರಿಂದಲೇ.

ಸತ್ತದ್ದರ ಲಕ್ಷಣ ಎರಡು ಬಗೆ. ಕರಗಿದ್ದರೆ ಓಮ್ ರೇಂಜಿನಲ್ಲಿ ಮೀಟರ್ ಏನಾದರೂ ತೋರಿಸುತ್ತದೆ, ಹತ್ತಾರು ನೂರಾರು ಕಿಲೋ ಓಮ್ ಸೋರಿಕೆ. ಒಣಗಿದ್ದರೆ ಸೋರಿಕೆ ಇರುವುದಿಲ್ಲ, ಕೆಪಾಸಿಟಿ ತೀರಾ ಇಳಿದಿರುತ್ತದೆ, ಪಾಟ್ ಇಲ್ಲದೆ ನೇರ ಹಾಕಿದರೂ ದನಿ ಬಹಳ ಕ್ಷೀಣ. ಎರಡೂ ಹಿಂದಕ್ಕೆ ಬರುವುದಿಲ್ಲ. ಅಕ್ಕಿ ಡಬ್ಬಿಯಲ್ಲಿಡುವುದು, ಹೇರ್ ಡ್ರೈಯರ್, ಬಿಸಿಲು, ಇವುಗಳಿಂದ ಅರೆಜೀವ ಇದ್ದದ್ದೂ ಪೂರ್ತಿ ಹೋಗುತ್ತದೆ.

ಕೆಪಾಸಿಟಿ ಅಳೆಯುವಾಗ ಕೋಣೆಯ ಉಷ್ಣತೆ ಬರೆದುಕೊಳ್ಳಿ. ರೋಷೆಲ್ ಲವಣದ ಗುಣ 24 ಡಿಗ್ರಿ ಹತ್ತಿರ ತೀವ್ರವಾಗಿ ಬದಲಾಗುತ್ತದೆ, ಹಾಗಾಗಿ ಬೆಳಿಗ್ಗೆಯ ಅಳತೆಗೂ ಮಧ್ಯಾಹ್ನದ ಅಳತೆಗೂ ದೊಡ್ಡ ವ್ಯತ್ಯಾಸ ಬರಬಹುದು. ಅದು ದೋಷವಲ್ಲ.

ಗುಳ್ಳೆಯೆದ್ದ ಡಯಾಫ್ರಮ್ (ಸದ್ದಿಗೆ ಅಲುಗುವ ತೆಳು ಪೊರೆ), ಅಂಚಿನಲ್ಲಿ ಬಿಳಿ ಪುಡಿ ಅಥವಾ ಜಿಗುಟು ಕಂಡರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಓಕ್‌ಲ್ಯಾಂಡ್_ಕನ್ನಡಿಗ

ಸತ್ತೇ ಇದ್ದರೆ ಮಾರುವ ದಾರಿ ಮೂರು. ಮೈ ಮತ್ತು ಸತ್ತ ಕ್ರಿಸ್ಟಲ್ ಅಂತಲೇ ಮಾರಬಹುದು. ಎಂಸಿ-127 ಎಂಬ ಸೆರಾಮಿಕ್ ಎಲಿಮೆಂಟ್ ಹಾಕಬಹುದು, ತೇವಕ್ಕೂ ಬಿಸಿಲಿಗೂ ಹೆದರುವುದಿಲ್ಲ, ದನಿ ಸ್ವಲ್ಪ ಒರಟು. ಅಥವಾ ಶೂರ್‌ನ, ಕಾಯಿಲ್ ಇರುವ ಕಂಟ್ರೋಲ್ಡ್ ಮ್ಯಾಗ್ನೆಟಿಕ್ ಎಲಿಮೆಂಟ್ ಹಾಕಬಹುದು. ಅದಕ್ಕೆ ಬೇರೆ ಅಳತೆಯ ಗ್ಯಾಸ್ಕೆಟ್ ಬೇಕು, ಮೈಯ ಒಳಭಾಗ ಉಜ್ಜಿ ಕೂರಿಸಬೇಡಿ.

ಮೂರನೆಯ ದಾರಿಯಲ್ಲಿ ಖರ್ಚು ಹೆಚ್ಚು. ಒಳ್ಳೆಯ ಹಳೆಯ ಎಲಿಮೆಂಟಿಗೆ ತೆತ್ತದ್ದು ಮೈಕಿನ ಬೆಲೆಯಲ್ಲಿ ಪೂರ್ತಿ ವಾಪಸ್ ಬರುವುದು ಅಪರೂಪ. ಮಾರುವುದಕ್ಕೆ ಮಾತ್ರ ಅಂದರೆ ನಾನು ಮೊದಲನೆಯದನ್ನೇ ಹೇಳುತ್ತೇನೆ.

ಕರಾವಳಿ_ಕೇಳುಗ

ಹಾಗಾದರೆ ಕಾಯಿಲ್ ಇರುವ ಎಲಿಮೆಂಟಿನಲ್ಲಿ ಏನು ಕೆಡುತ್ತದೆ? ಶೂರ್ ಗ್ರೀನ್ ಬುಲೆಟ್‌ನ 520ಡಿಎಕ್ಸ್ ಮಾದರಿ ಕೊಳ್ಳುವ ಯೋಚನೆ ಇದೆ, ನೋಡಿ ಕೊಳ್ಳಬೇಕಲ್ಲ.

ವಾಲ್ವ್_ಆಂಪ್

ಮೊದಲು ಹೊರಗಿನದು. 520ಡಿಎಕ್ಸ್‌ನ ಕೇಬಲ್ ಮೈಕಿಗೇ ಸೇರಿದ್ದು, ಸುಮಾರು 6 ಮೀಟರ್, ಕೊನೆಯಲ್ಲಿ 6.35 ಮಿಲಿಮೀಟರ್ ಜ್ಯಾಕ್ ಪಿನ್. ಬಹಳ ಬಳಸಿದ ಮೈಕ್ ಆದರೆ ಕೇಬಲ್ ಒಳಹೋಗುವ ಜಾಗ, ವಾಲ್ಯೂಮ್ ಗುಬ್ಬಿ, ಈ ಎರಡನ್ನು ಅಲುಗಿಸಿ ಕೇಳಿ. ಎರಡೂ ಸುಲಭದ ರಿಪೇರಿ.

ಎಲಿಮೆಂಟಿನ ಕಥೆ ಬೇರೆ. ಶೂರ್‌ನ ಹಳೆಯ ಕಂಟ್ರೋಲ್ಡ್ ರಿಲಕ್ಟೆನ್ಸ್ ಮತ್ತು ನಂತರದ ಕಂಟ್ರೋಲ್ಡ್ ಮ್ಯಾಗ್ನೆಟಿಕ್ ಎಲಿಮೆಂಟುಗಳಲ್ಲಿ ಕಾಯಿಲ್ ಅಲುಗುವುದಿಲ್ಲ. ಡಯಾಫ್ರಮ್‌ಗೆ ಒಂದು ತೆಳು ಕಡ್ಡಿ ಅಂಟಿರುತ್ತದೆ, ಆ ಕಡ್ಡಿ ಅಯಸ್ಕಾಂತದ ಎರಡು ತುದಿಗಳ ನಡುವಿನ ಕಿರಿದಾದ ಬಿಡುವಿನಲ್ಲಿರುವ ಕಬ್ಬಿಣದ ನಾಲಗೆಯನ್ನು ಅಲುಗಿಸುತ್ತದೆ. ಕೆಡುವ ಬಗೆ ಮೂರು:

ಓಮ್ ಅಳತೆಯಲ್ಲಿ ಏನೂ ಬರದಿದ್ದರೆ ಕಾಯಿಲ್ ತುಂಡಾಗಿದೆ. ಓಮ್ ಸರಿ ಇದ್ದು ಸದ್ದು ತೀರಾ ಕ್ಷೀಣ ಅಂದರೆ ಕಡ್ಡಿ ಕಳಚಿದೆ. ಓಮ್ ಸರಿ ಇದ್ದು ದನಿ ತೆಳುವಾಗಿ ಒಡೆದು ಬಂದರೆ ಮೈಕ್ ಬಿದ್ದಾಗ ನಾಲಗೆ ಅಯಸ್ಕಾಂತಕ್ಕೆ ಅಂಟಿಕೊಂಡಿದೆ. ಮೂರೂ ಮನೆಯಲ್ಲಿ ಮಾಡುವ ರಿಪೇರಿಯಲ್ಲ. ಇಂಥ ಎಲಿಮೆಂಟಿಗೆ ಮೀಟರ್ ತಾಗಿಸಿದಾಗ ಟಿಕ್ ಅಂತ ಸಣ್ಣ ಸದ್ದು ಕೇಳಿಸಬೇಕು, ಒಳಗಿನದು ಅಲುಗುತ್ತಿದೆ ಅನ್ನುವುದಕ್ಕೆ ಅದು ಒಳ್ಳೆಯ ಗುರುತು.

ಹತ್ತಿರದಲ್ಲಿ ಕಬ್ಬಿಣದ ಅರ ಇಟ್ಟುಕೊಂಡು ಕೆಲಸ ಮಾಡಬೇಡಿ. ಪುಡಿ ಹಾರಿ ಅಯಸ್ಕಾಂತಕ್ಕೆ ಹಿಡಿದರೆ ತೆಗೆಯುವುದು ದೊಡ್ಡ ಪಾಡು.

ಹಳೆಯ 520 ಕೊಳ್ಳುವಾಗ ಎಲಿಮೆಂಟಿನ ಹಿಂಭಾಗದ ಫೋಟೊ ಕೇಳಿ. ಗ್ರೀನ್ ಬುಲೆಟ್ 1949ರಿಂದ ಬಂದಿದೆ, ಒಂದೇ ಮೈಯಲ್ಲಿ ಕಾಲಕಾಲಕ್ಕೆ ಬೇರೆ ಬೇರೆ ಎಲಿಮೆಂಟ್ ಕುಳಿತಿವೆ. 99 ಅಂಕೆಯಿಂದ ಶುರುವಾಗುವ ಸಂಖ್ಯೆ, ಅಂದರೆ 99ಎ86, 99ಬಿ86 ಥರದ್ದು, ಕಂಡರೆ ಶೂರ್ ಎಲಿಮೆಂಟ್ ಅಂತ ತಿಳಿಯುತ್ತದೆ. ಫೋಟೊ ಕೊಡದವರಿಂದ ಹೆಚ್ಚು ಬೆಲೆಗೆ ಕೊಳ್ಳಬೇಡಿ.

ಸಿ_ಸ್ಕೇಲ್_ಮೈಸೂರು

ಮೊಸಳೆ ಕ್ಲಿಪ್ಪಿನಲ್ಲಿ ನೇರ ಹಾಕಿ ಕೇಳಿದೆ. ಎರಡನೇ ರಂಧ್ರ ತುಂಬಿ ಬರುತ್ತಿದೆ, ವಾಲ್ಯೂಮ್ ಕೂಡ ಜಾಸ್ತಿ! ಕ್ರಿಸ್ಟಲ್ ಬದುಕಿದೆ.

ಈಗ ರಿಪೇರಿ ಕ್ರಮ ಹೇಳಿ. ಮೈಯ ಅರ್ಥ್ ಎಲ್ಲಿ ತಪ್ಪಿರಬಹುದು? ಇನ್ನೊಂದು, ಎಲಿಮೆಂಟಿನ ಸುತ್ತಲಿನ ರಬ್ಬರ್ ಗಟ್ಟಿಯಾಗಿ ತುಂಡುತುಂಡಾಗಿ ಉದುರುತ್ತಿದೆ.

ಬೆಸುಗೆಗಾರ

ಸಂತೋಷ. ಎಲಿಮೆಂಟನ್ನು ಹೊರತೆಗೆದು ಮುಚ್ಚಳವಿರುವ ಡಬ್ಬಿಯಲ್ಲಿಡಿ, ಉಳಿದ ಕೆಲಸವೆಲ್ಲ ಅದು ದೂರವಿದ್ದಾಗಲೇ.

ಮೈಯ ಅರ್ಥ್: ಈ ಮೈಕಿನಲ್ಲಿ ಕೆಳಗಿನ ಕನೆಕ್ಟರ್ ಮೈಗೆ ಕಚ್ಚಿ ಕುಳಿತಿರುವುದೇ ಅರ್ಥ್ ಸಂಪರ್ಕ. ಪಕ್ಕದಲ್ಲಿ ಚಿಕ್ಕ ಸೆಟ್ ಸ್ಕ್ರೂ ಇದ್ದರೆ ಅದು ಸಡಿಲವಾಗಿದೆಯೇ ನೋಡಿ. ಅದನ್ನು ಬಿಗಿಯಾಗಿಸಿ ಮತ್ತೆ ಅಳೆಯಿರಿ. ಸಾಲದಿದ್ದರೆ ಕನೆಕ್ಟರ್ ತೆಗೆದು ಕೂರುವ ಜಾಗದ ತುಕ್ಕು ಮತ್ತು ಬಣ್ಣವನ್ನು ಸಣ್ಣ ಮರಳುಕಾಗದದಿಂದ ಒಳಭಾಗದಲ್ಲಿ ಮಾತ್ರ ಉಜ್ಜಿ. ಆಗಲೂ ನಂಬಿಕೆ ಬರದಿದ್ದರೆ ಒಳಗಿನ ಒಂದು ಸ್ಕ್ರೂ ಕೆಳಗೆ ಉಂಗುರದ ಲಗ್ ಇಟ್ಟು, ಅಲ್ಲಿಂದ ಕನೆಕ್ಟರಿನ ಅರ್ಥ್‌ಗೆ ವೈರ್ ಎಳೆಯಿರಿ. ಮೈಗೇ ನೇರವಾಗಿ ಬೆಸುಗೆ ಹಾಕಲು ಹೋಗಬೇಡಿ. ಎರಕದ ಲೋಹ ಬೆಸುಗೆ ಹಿಡಿಯುವುದಿಲ್ಲ, ಶಾಖ ಮಾತ್ರ ಹರಡುತ್ತದೆ.

ಪಾಟ್: ಎರಡು ಆಯ್ಕೆ. 5 ಮೆಗಾ ಓಮ್ ಪಾಟ್ ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ ನೋಡಿ. 1 ಮೆಗಾ ಎಲ್ಲ ಕಡೆ ಸಿಗುತ್ತದೆ, 5 ಮೆಗಾ ಹುಡುಕಬೇಕಾಗುತ್ತದೆ. ಸಿಗದಿದ್ದರೆ 1 ಮೆಗಾ ಹಾಕುವುದಕ್ಕಿಂತ ಪಾಟ್ ಪೂರ್ತಿ ಬಿಟ್ಟು ನೇರ ವೈರ್ ಮಾಡುವುದನ್ನೇ ನಾನು ಮೆಚ್ಚುತ್ತೇನೆ. ಗುಬ್ಬಿ ಹಾಗೇ ಇರಲಿ, ತೂತು ಮುಚ್ಚುತ್ತದೆ, ಆದರೆ ಕೆಲಸ ಮಾಡುವುದಿಲ್ಲ ಅಂತ ಮಾರುವಾಗ ಬರೆಯಬೇಕು.

ಪಾಟ್ ಹಾಕಿದರೆ: ಎಲಿಮೆಂಟಿನ ಸಿಗ್ನಲ್ ವೈರ್ ಒಂದು ಹೊರ ಕಾಲಿಗೆ, ಕನೆಕ್ಟರಿನ ನಡುವಿನ ಸಂಪರ್ಕ ಮಧ್ಯದ ಕಾಲಿಗೆ, ಇನ್ನೊಂದು ಹೊರ ಕಾಲು ಅರ್ಥ್‌ಗೆ. ಎಲಿಮೆಂಟನ್ನು ಮಧ್ಯದ ಕಾಲಿಗೆ ಹಾಕಿದರೆ ಗುಬ್ಬಿ ಇಳಿಸುತ್ತ ಹೋದಂತೆ ಕ್ರಿಸ್ಟಲ್ ಮೇಲೆ ಭಾರ ಬಿದ್ದು ದನಿ ಮತ್ತೆ ತೆಳುವಾಗುತ್ತದೆ. ಪಾಟ್‌ನ ಲೋಹದ ಕವಚಕ್ಕೂ ಅರ್ಥ್ ಸಿಗಲಿ, ಇಲ್ಲದಿದ್ದರೆ ಗುಬ್ಬಿ ಮುಟ್ಟಿದಾಗ ಹಮ್.

ಬೆಸುಗೆ: 25 ವ್ಯಾಟ್ ಕಡ್ಡಿ, 0.8 ಮಿಲಿಮೀಟರ್ 60/40 ಬೆಸುಗೆ ತಂತಿ. ಎಲಿಮೆಂಟಿನ ಕಾಲಿಗೆ ಹಾಕಬೇಡಿ. ಅದರಿಂದ ಈಗಾಗಲೇ ಹೊರಟಿರುವ ವೈರ್ ತುದಿಗೇ ಜೋಡಿಸಿ, ಜೋಡಣೆಗೂ ಎಲಿಮೆಂಟಿಗೂ ನಡುವೆ ಮೊಸಳೆ ಕ್ಲಿಪ್ ಕಚ್ಚಿಸಿಡಿ, ಶಾಖ ಅದು ಹೀರುತ್ತದೆ. ಕಡ್ಡಿ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. 55 ಡಿಗ್ರಿಗೆ ಸಾಯುವ ವಸ್ತು ಅನ್ನುವುದು ಮನಸ್ಸಿನಲ್ಲಿರಲಿ.

ಗ್ಯಾಸ್ಕೆಟ್: ಇದನ್ನು ಬಹಳ ಜನ ಕಡೆಗಣಿಸುತ್ತಾರೆ. ರಬ್ಬರ್ ಉಂಗುರಕ್ಕೆ ಎರಡು ಕೆಲಸ. ಎಲಿಮೆಂಟಿನ ಮುಂದಿನ ಗಾಳಿ ಹಿಂದಕ್ಕೆ ಸೋರದಂತೆ ತಡೆಯುವುದು, ಕೈಯ ಉಜ್ಜಾಟ ಎಲಿಮೆಂಟಿಗೆ ಮುಟ್ಟದಂತೆ ತಡೆಯುವುದು. ಸೋರಿದರೆ ಕೆಳಸ್ವರ ಮತ್ತೆ ಹೋಗುತ್ತದೆ, ಪಾಟ್ ಸರಿ ಮಾಡಿದ್ದರ ಅರ್ಧ ಫಲ ಅಲ್ಲೇ ಹೋದಂತೆ. ಮೆತ್ತನೆಯ ನಿಯೋಪ್ರಿನ್ ಹಾಳೆ, ಸಿಗದಿದ್ದರೆ ಸೈಕಲ್ ಟ್ಯೂಬ್ ಪಟ್ಟಿ ಕತ್ತರಿಸಿ ಎಲಿಮೆಂಟಿನ ಅಂಚಿಗೆ ಸುತ್ತಿ. ಒತ್ತಿದರೆ ಸ್ವಲ್ಪ ಕುಗ್ಗಿ ಕೂರಬೇಕು, ಜಾಲರಿಯ ಸ್ಕ್ರೂ ಬಿಗಿಯುವಾಗ ಎಲಿಮೆಂಟಿನ ಮುಖದ ಮೇಲೆ ಒತ್ತಡ ಬೀಳಬಾರದು. ಸಿಲಿಕೋನ್ ಸೀಲಂಟ್ ಬೇಡ. ವಿನೆಗರ್ ವಾಸನೆ ಬರುವ ಬಗೆಯದು ಗಟ್ಟಿಯಾಗುವಾಗ ಆಮ್ಲ ಬಿಡುತ್ತದೆ, ತಾಮ್ರ ಹಸಿರುಗಟ್ಟುತ್ತದೆ. ಬಿಸಿ ಅಂಟು ಅಂತೂ ಬೇಡವೇ ಬೇಡ.

ವಾಲ್ವ್_ಆಂಪ್

ಚರಚರದ ಬಗ್ಗೆ ಒಂದು ಸೇರಿಸುತ್ತೇನೆ. ಹೊಸ ಪಾಟ್ ಹಾಕಿದ ಮೇಲೂ ಗುಬ್ಬಿ ತಿರುಗಿಸಿದಾಗ ಚರಚರ ಬಂದರೆ ಪಾಟನ್ನು ಬೈಯಬೇಡಿ. ಆಂಪ್‌ನ ಒಳಬಾಗಿಲಿಗೆ ಬೇರೆ ಕೇಬಲ್ ಹಾಕಿ ಅದರ ತುದಿಗೂ ಶೀಲ್ಡಿಗೂ ನಡುವೆ ಡಿಸಿ ವೋಲ್ಟೇಜ್ ನೋಡಿ. ಕೆಲವು ಮಿಲಿವೋಲ್ಟ್ ಮೀರಿದ್ದರೆ ದೋಷ ಆಂಪ್‌ನದು, ಆ ಡಿಸಿ ಪಾಟ್ ಮೇಲೆ ಕುಳಿತು ಚರಗುಟ್ಟುತ್ತದೆ. ಕೊಳ್ಳುವವರ ಮುಂದೆ ಪರೀಕ್ಷೆ ಮಾಡುವಾಗ ಇದು ಸುಮ್ಮನೆ ಜಗಳಕ್ಕೆ ಕಾರಣವಾಗಬಹುದು.

ಹಳೆಯ ಪಾಟನ್ನೇ ಉಳಿಸಿಕೊಳ್ಳುವ ಬೇರೆ ಮೈಕುಗಳಿಗೆ: ಎಲಿಮೆಂಟ್ ಹೊರಗಿಟ್ಟು, ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಣ್ಣ ಚಿಮುಕು, ಕೊನೆಯಿಂದ ಕೊನೆಗೆ ಮೂವತ್ತು ಸಲ ತಿರುಗಿಸಿ, ಕಾಲು ಗಂಟೆ ಆರಲು ಬಿಡಿ. ಬಾಗಿಲ ಕೀಲಿಗೆ ಹಾಕುವ ಎಣ್ಣೆ ಸ್ಪ್ರೇ ಬೇಡ, ಜಿಡ್ಡು ಧೂಳು ಹಿಡಿಯುತ್ತದೆ.

ಸಿ_ಸ್ಕೇಲ್_ಮೈಸೂರು

ಜಾಲರಿಯಲ್ಲಿ ಎಂಜಲಿನ ಕರೆ, ಅಂಚಿನಲ್ಲಿ ಹಸಿರು. ಇದನ್ನು ಶುಚಿ ಮಾಡಿದರೆ ಬೆಲೆ ಇಳಿಯುತ್ತದಾ?

ಓಕ್‌ಲ್ಯಾಂಡ್_ಕನ್ನಡಿಗ

ಶುಚಿ ಮಾಡಬೇಕು. ಕೊಳ್ಳುವವರು ಅದನ್ನು ತುಟಿಗೆ ಇಡುತ್ತಾರೆ. ಜಾಲರಿ ಬಿಚ್ಚಿ, ಹಿಂದಿನ ಬಟ್ಟೆ ತೆಗೆದು, ಬೆಚ್ಚನೆ ಸೋಪ್ ನೀರು, ಮೆತ್ತನೆ ಹಲ್ಲುಜ್ಜುವ ಬ್ರಷ್, ಆಮೇಲೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಪೂರ್ತಿ ಒಣಗಿಸಿ. ಮೈಯ ಬಣ್ಣದ ಮೇಲೆ ಆಲ್ಕೊಹಾಲ್ ಹಾಕುವ ಮೊದಲು ಕಾಣದ ಜಾಗದಲ್ಲಿ ಪರೀಕ್ಷಿಸಿ. ಹುಣಸೆಹಣ್ಣು, ನಿಂಬೆ, ಹಿತ್ತಾಳೆ ಪಾಲಿಶ್ ಇವೆಲ್ಲ ಬೇಡ. ಹಳೆಯ ಲೇಪ ಹೋದರೆ ಮತ್ತೆ ಬರುವುದಿಲ್ಲ, ಸವೆದ ಗುರುತು ಇದ್ದರೆ ಯಾರೂ ಬೇಡ ಅನ್ನುವುದಿಲ್ಲ.

ಡಯಾಫ್ರಮ್ ಮುಟ್ಟಬೇಡಿ, ಊದಬೇಡಿ. ಧೂಳಿದ್ದರೆ ಮುಖ ಕೆಳಗೆ ಮಾಡಿ ಒಣ ಚಿತ್ರಕಲೆ ಕುಂಚದಿಂದ ಅಂಚನ್ನು ಮಾತ್ರ ಸವರಿ.

ಕ್ರಿಸ್ಟಲ್ ಬದುಕಿದೆ ಅಂತ ಆದ ಮೇಲೆ ನನ್ನ ಮೊದಲಿನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಈ ಮೈಕನ್ನು ರಿಪೇರಿ ಮಾಡಿಯೇ ಮಾರಿ.

ಸಿ_ಸ್ಕೇಲ್_ಮೈಸೂರು

ಎಲ್ಲ ಮುಗಿಯಿತು. 5 ಮೆಗಾ ಪಾಟ್ ಸಿಕ್ಕಿತು. ಕವಚದಿಂದ ಮೈಗೆ ಈಗ 0.3 ಓಮ್. ಸೆಟ್ ಸ್ಕ್ರೂ ಸಡಿಲವಾಗಿದ್ದದ್ದೇ ಕಾರಣ. ಜ್ಯಾಕ್ ಪಿನ್ ಹತ್ತಿರ ಕೇಬಲ್ ಐದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಬೆಸೆದಿದ್ದೇನೆ. ಹಮ್ ಬಹಳ ಇಳಿದಿದೆ, ಮೈ ಮುಟ್ಟಿದರೆ ಇನ್ನೂ ಇಳಿಯುತ್ತದೆ. ಜಾಹೀರಾತಿಗೆ ಹೀಗೆ ಬರೆದಿದ್ದೇನೆ, ನೋಡಿ:

"ಅಸ್ಟಾಟಿಕ್ ಜೆಟಿ-30, ಎಂಸಿ-151 ಕ್ರಿಸ್ಟಲ್ ಎಲಿಮೆಂಟ್, ಕೆಲಸ ಮಾಡುತ್ತಿದೆ. ಹಿಂದಿನ ಮಾಲೀಕರು ಹಿಂಭಾಗದಲ್ಲಿ ತೂತು ಕೊರೆದು ವಾಲ್ಯೂಮ್ ಸೇರಿಸಿದ್ದರು. ಆ ಪಾಟ್ ಬದಲಿಸಿ 5 ಮೆಗಾ ಓಮ್ ಹಾಕಲಾಗಿದೆ. ಗ್ಯಾಸ್ಕೆಟ್ ಹೊಸದು, ಮೂಲದ್ದಲ್ಲ. ಕೇಬಲ್ ರಿಪೇರಿಯಾಗಿದೆ. ಬಣ್ಣ ಮೂಲದ್ದು, ಅಂಚಿನಲ್ಲಿ ಸವೆದಿದೆ. 1 ಮೆಗಾ ಓಮ್ ಅಥವಾ ಹೆಚ್ಚಿನ ಒಳಬಾಗಿಲಿರುವ ಆಂಪ್ ಬೇಕು."

ಬೆಸುಗೆಗಾರ

ಚೆನ್ನಾಗಿದೆ. ಎರಡು ಸೇರಿಸಿ: ಎಲಿಮೆಂಟಿನ ಅಳತೆ ಮತ್ತು ಅಳೆದಾಗಿನ ಉಷ್ಣತೆ, ಹಾಗೂ ಕ್ರಿಸ್ಟಲ್ ತೇವ ಮತ್ತು ಶಾಖಕ್ಕೆ ಸೂಕ್ಷ್ಮ, ಕಾರಿನಲ್ಲಿ ಬಿಟ್ಟು ಹೋಗಬಾರದು ಅನ್ನುವ ಒಂದು ಸಾಲು. ಮೊದಲ ಸಲ ಕ್ರಿಸ್ಟಲ್ ಕೊಳ್ಳುವವರಿಗೆ ಅದು ಗೊತ್ತಿರುವುದಿಲ್ಲ.

ಫೋಟೊ: ಜಾಲರಿ ತೆಗೆದ ಮುಖ, ಎಲಿಮೆಂಟಿನ ಹಿಂದಿನ ಮುದ್ರೆ, ಒಳಗಿನ ವೈರಿಂಗ್, ಕೆಳಗಿನ ಥ್ರೆಡ್, ಕೊರೆದ ತೂತು. ಧ್ವನಿಮುದ್ರಣ: ಆಂಪ್‌ನ ಮುಂದೆ ಫೋನ್ ಇಟ್ಟು ಒಂದೇ ತುಣುಕನ್ನು ಗುಬ್ಬಿ ಪೂರ್ತಿ, ಅರ್ಧ, ಸೊನ್ನೆ ಮೂರು ಕಡೆ ನುಡಿಸಿ, ಕೊನೆಗೆ ಹತ್ತು ಸೆಕೆಂಡು ನುಡಿಸದೆ ಬಿಡಿ. ಹಮ್ ಎಷ್ಟಿದೆ ಅಂತ ಅವರೇ ಕೇಳಲಿ. ಒಂದು, ಎರಡನೇ ರಂಧ್ರದ ಸ್ವರ ತುಣುಕಿನಲ್ಲಿ ಇರಲೇಬೇಕು.

ಕರಾವಳಿ_ಕೇಳುಗ

ಕೊರಿಯರ್‌ನಲ್ಲಿ ಕಳಿಸುವುದಾದರೆ? ಸಿಲಿಕಾ ಜೆಲ್ ಹಾಕಿದರೆ ಸಾಕಾ?

ಬೆಸುಗೆಗಾರ

ಒಂದು ಚಿಕ್ಕ ಪೊಟ್ಟಣ ಸಾಕು, ಅದೂ ಮಳೆಗಾಲದಲ್ಲಿ ಮಾತ್ರ. ಗಾಳಿಯಾಡದ ಚೀಲದಲ್ಲಿ ನಾಲ್ಕೈದು ಹಾಕಿದರೆ ತೇವ 30 ಶೇಕಡಾಕ್ಕಿಂತ ಇಳಿದು ಹರಳು ಒಣಗುತ್ತದೆ. ಚೀಲ ಮುಚ್ಚಿ, ಬಬಲ್ ಸುತ್ತಿ, ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು, ಅದನ್ನು ದಪ್ಪ ರಟ್ಟಿನ ಪೆಟ್ಟಿಗೆಯೊಳಗೆ ಇಡಿ. ಥರ್ಮೊಕೋಲ್ ಶಾಖವನ್ನೂ ತಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆಗೆ ಕಳಿಸಬೇಡಿ. ಹೊರಗೆ 40 ದಾಟಿದಾಗ ಬಿಸಿಲಲ್ಲಿ ನಿಂತ ವ್ಯಾನಿನೊಳಗೆ 55 ಸುಲಭವಾಗಿ ಮುಟ್ಟುತ್ತದೆ. ಕೊಳ್ಳುವವರು ಒಪ್ಪಿದರೆ ಕೈಯಾರೆ ಕೊಡುವುದೇ ಒಳ್ಳೆಯದು.

ಧಾರವಾಡದ_ರೀಡು

ಆ ಹಳೇ 100 ಕಿಲೋ ಪಾಟ್, ಹಳೇ ಗ್ಯಾಸ್ಕೆಟ್ಟಿನ ಚೂರು, ಉಳದ ಸ್ಕ್ರೂ ಎಲ್ಲಾ ಒಂದು ಸಣ್ಣ ಚೀಲದಾಗ ಹಾಕಿ ಮೈಕಿನ ಜೋಡಿನ ಕೊಡ್ರಿ. ಸೆಟ್ ಸ್ಕ್ರೂ ಯಾವ ಕಡೆ ಐತಿ ಅಂತ ಒಂದು ಚೀಟಿ ಬರದಿಡ್ರಿ, ಮತ್ತ ಹಮ್ ಬಂದ್ರ ಅವ್ರು ಮೊದಲ ಅದನ್ನ ನೋಡಲಿ.